ಜೀಪು ಎದ್ದಿತು, ಅಚ್ಚು ಅಲ್ಲೇ ಉಳಿಯಿತು

ಮೂಡಿಗೆರೆ ಕಡೆಯ ಏಳನೇ ತರಗತಿಯ ಹುಡುಗನೊಬ್ಬ ಎರಡು ಪುಟದ ಪತ್ರ ಬರೆದಿದ್ದಾನೆ. ಒಂದರಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಜೀಪಿನ ಚಿತ್ರ. ಚಿತ್ರ ಚೆನ್ನಾಗಿದೆ. ಹಿಂದಿನ ಎರಡು ಚಕ್ರಗಳ ನಡುವೆ ಗಡಿಗೆಯಂಥ ಒಂದು ಉಬ್ಬು ಬರೆದು, ಬಾಣದ ಗುರುತು ಹಾಕಿ, ಕೆಂಪು ಪೆನ್ನಿನಲ್ಲಿ ‘ಕಲ್ಲು ಬಡಿಯುವುದು ಇಲ್ಲಿ’ ಎಂದು ಗುರುತಿಸಿದ್ದಾನೆ. ಅವನ ಸೋದರಮಾವ ಹಳೆಯದೊಂದು ಫೋರ್ ವೀಲ್ ಜೀಪು ಕೊಂಡಿದ್ದಾರೆ. ತೋಟದ ಮನೆಗೆ ಹೋಗುವ ದಾರಿಯಲ್ಲಿ, ಹಳ್ಳ ದಾಟಿದ ಮೇಲಿನ ಏರಿನಲ್ಲಿ, ಒಂದು ಕಲ್ಲು ತಲೆ ಎತ್ತಿಕೊಂಡಿದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ‘ಢಣ್’ ಅನ್ನುತ್ತದಂತೆ. ಪೇಟೆಯ ಗ್ಯಾರೇಜಿನವರು ನೋಡಿ, ‘ಲಿಫ್ಟ್ ಕಿಟ್ ಹಾಕಿಸಿ ನಾಲ್ಕಿಂಚು ಎತ್ತಿಬಿಡೋಣ ಸಾರ್, ಆಮೇಲೆ ಯಾವ ಕಲ್ಲೂ ತಾಗಲ್ಲ’ ಎಂದಿದ್ದಾರೆ. ಮಾವ ಒಪ್ಪಿಯಾಗಿದೆ. ಅಜ್ಜಿ ಮಾತ್ರ, ‘ಈಗಿರೋ ಎತ್ತರಕ್ಕೇ ಹತ್ತೋಕಾಗಲ್ಲ, ಇನ್ನೂ ಎತ್ತರ ಯಾಕೋ?’ ಎಂದು ಕೇಳುತ್ತಿದ್ದಾರೆ. ಶಾಲೆ ಬಿಟ್ಟ ಮೇಲೆ ಈ ಹುಡುಗ ಮತ್ತು ಅವನ ತಂಗಿ ಮನೆಗೆ ಬರುವುದು ಅದೇ ಜೀಪಿನ ಹಿಂದಿನ ಸೀಟಿನಲ್ಲಿ. ಪ್ರಶ್ನೆ ಇದು: ‘ಎತ್ತರ ಮಾಡಿದರೆ ಜೀಪು ಎಲ್ಲಿ ಬೇಕಾದರೂ ಹೋಗುತ್ತದೆಯೇ?’

ಉತ್ತರ ಆ ಚಿತ್ರದಲ್ಲೇ ಇದೆ. ಅದಕ್ಕೆ ಮೊದಲು ನಾವೆಲ್ಲ ಒಮ್ಮೆ ಜೀಪಿನ ಅಡಿಯನ್ನು ನೋಡಬೇಕು. ಸಮತಟ್ಟಾದ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಗಾಡಿಯ ಪಕ್ಕದಲ್ಲಿ ದೊಡ್ಡವರೊಬ್ಬರ ಜೊತೆ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿ. ಅಡಿಗೆ ನುಸುಳುವುದು ಬೇಡ. ಪಕ್ಕದಿಂದಲೇ ಎಲ್ಲ ಕಾಣುತ್ತದೆ.

ಮೊದಲು ಕಾಣುವುದು ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಅಡ್ಡಲಾಗಿ ಹೋಗಿರುವ ದಪ್ಪ ಕಬ್ಬಿಣದ ಕೊಳವೆ. ಇದೇ ಆಕ್ಸಲ್, ಎತ್ತಿನ ಗಾಡಿಯವರ ಮಾತಿನಲ್ಲಿ ಅಚ್ಚು. ಅದರ ನಡುವೆ, ಸಾಮಾನ್ಯವಾಗಿ ಸ್ವಲ್ಪ ಒಂದು ಪಕ್ಕಕ್ಕೆ ಸರಿದು, ನಮ್ಮ ಹುಡುಗ ಬರೆದ ಆ ಗಡಿಗೆ ಇದೆ. ಅದರ ಹೆಸರು ಡಿಫರೆನ್ಷಿಯಲ್. ಎಂಜಿನ್ನಿನಿಂದ ಬರುವ ಉದ್ದನೆಯ ಶಾಫ್ಟಿನ ತಿರುಗಾಟವನ್ನು ಎಡಬಲದ ಚಕ್ರಗಳಿಗೆ ಹಂಚುವ ಹಲ್ಲಿನ ಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿವೆ. ಗಡಿಗೆ ಒಡೆದರೆ ಎಣ್ಣೆ ಸೋರುತ್ತದೆ, ಎಣ್ಣೆ ಸೋರಿದರೆ ಹಲ್ಲುಗಳು ಸವೆದು ಹೋಗುತ್ತವೆ. ಕಲ್ಲು ಬಡಿದಾಗ ಮಾವನ ಎದೆ ಧಸಕ್ಕೆನ್ನುವುದು ಸುಮ್ಮನಲ್ಲ.

ಅಚ್ಚಿನ ಜೊತೆಗೆ ಕಟ್ಟಿರುವುದು ಸ್ಪ್ರಿಂಗು. ಹಳೆಯ ಜೀಪುಗಳಲ್ಲಿ, 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ, ಇಂದಿನ ಲಾರಿಗಳಲ್ಲಿ ಕಾಣುವುದು ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಲೀಫ್ ಸ್ಪ್ರಿಂಗ್ ಎನ್ನುವ ಇದನ್ನು ಲಾರಿಯವರು ಪ್ಲೇಟು ಎನ್ನುತ್ತಾರೆ. ಹೊಸ ಗಾಡಿಗಳಲ್ಲಿ ಇದರ ಬದಲು ಸುರುಳಿ ಸ್ಪ್ರಿಂಗು. ಸ್ಪ್ರಿಂಗಿನ ಪಕ್ಕದಲ್ಲಿ ಎಣ್ಣೆ ತುಂಬಿದ ಕೊಳವೆಯಂತೆ ಕಾಣುವುದು ಶಾಕ್ ಅಬ್ಸಾರ್ಬರ್. ಸ್ಪ್ರಿಂಗು ಒಮ್ಮೆ ಕುಣಿದ ಮೇಲೆ ಕುಣಿಯುತ್ತಲೇ ಇರದಂತೆ ತಡೆಯುವುದು ಅದರ ಕೆಲಸ. ಇವೆಲ್ಲದರ ಮೇಲೆ ಉದ್ದನೆಯ ಎರಡು ಕಬ್ಬಿಣದ ತೊಲೆಗಳ ಚಾಸಿ. ಚಾಸಿಯ ಮೇಲೆ ಎಂಜಿನ್, ಬಾಡಿ, ಸೀಟು, ಸೀಟಿನ ಮೇಲೆ ನೀವು.

ಈಗ ಗಮನಿಸಿ. ಚಕ್ರ ನೆಲದ ಮೇಲೆ ಕೂತಿದೆ. ಅಚ್ಚು ಚಕ್ರದ ನಡುವಿನಲ್ಲಿದೆ. ಸ್ಪ್ರಿಂಗು ಅಚ್ಚಿಗೆ ಕಟ್ಟಿದೆ. ಚಾಸಿ ಸ್ಪ್ರಿಂಗಿನ ಮೇಲಿದೆ. ಸಸ್ಪೆನ್ಷನ್ ಲಿಫ್ಟ್ ಕಿಟ್ ಎಂಬ ಪೆಟ್ಟಿಗೆಯಲ್ಲಿ ಬರುವುದು ಮುಖ್ಯವಾಗಿ ಉದ್ದನೆಯ ಅಥವಾ ಹೆಚ್ಚು ಬಾಗಿದ ಸ್ಪ್ರಿಂಗುಗಳು ಮತ್ತು ಅವಕ್ಕೆ ಹೊಂದುವ ಉದ್ದದ ಶಾಕ್ ಅಬ್ಸಾರ್ಬರುಗಳು. ಅವು ಹೋಗಿ ಕೂರುವುದು ಅಚ್ಚಿಗೂ ಚಾಸಿಗೂ ನಡುವೆ. ಹಾಗಾದರೆ ಮೇಲೇಳುವುದು ಯಾವುದು? ಸ್ಪ್ರಿಂಗಿನ ಮೇಲಿರುವುದೆಲ್ಲ. ಎಂಜಿನ್, ಬಂಪರ್, ಪೆಟ್ರೋಲ್ ಟ್ಯಾಂಕು, ಸೀಟು, ಹುಡುಗ, ತಂಗಿ. ಮೇಲೇಳದೆ ಉಳಿಯುವುದು ಅಚ್ಚು ಮತ್ತು ಆ ಗಡಿಗೆ.

ನಾಲ್ಕಿಂಚಲ್ಲ, ಹತ್ತಿಂಚು ಎತ್ತಿಸಿದರೂ ತೋಟದ ದಾರಿಯ ಆ ಕಲ್ಲು ಅದೇ ಜಾಗಕ್ಕೆ ‘ಢಣ್’ ಎಂದು ಬಡಿಯುತ್ತದೆ. ಸದ್ದು ಸ್ವಲ್ಪ ದೂರದಿಂದ ಕೇಳಿಸಬಹುದು, ಅಷ್ಟೆ.

ಇದನ್ನು ನಮ್ಮ ಎತ್ತಿನ ಗಾಡಿ ಮಾಡಿದವರು ಚೆನ್ನಾಗಿ ತಿಳಿದಿದ್ದರು. ಹಳೆಯ ಮರದ ಗಾಡಿಯ ಚಕ್ರ ಯಾಕೆ ಅಷ್ಟು ದೊಡ್ಡದು ಎಂದು ಎಂದಾದರೂ ಯೋಚಿಸಿದ್ದೀರಾ? ಅಚ್ಚು ಯಾವಾಗಲೂ ಚಕ್ರದ ಅರ್ಧ ಎತ್ತರದಲ್ಲಿರುತ್ತದೆ. ಐದಡಿಯ ಚಕ್ರವಾದರೆ ಅಚ್ಚು ನೆಲದಿಂದ ಎರಡೂವರೆ ಅಡಿ ಮೇಲೆ. ಕೆಸರು, ಕೊರಕಲು, ಹೊಲದ ಬದು, ಯಾವುದೂ ಅದಕ್ಕೆ ತಾಗುವುದಿಲ್ಲ. ದೊಡ್ಡ ಚಕ್ರಕ್ಕೆ ಗುಂಡಿ ಚಿಕ್ಕದಾಗಿ ಕಾಣುತ್ತದೆ ಎಂಬ ಲಾಭ ಬೇರೆ. ಅಚ್ಚನ್ನು ಎತ್ತಬೇಕೆಂದರೆ ಚಕ್ರವನ್ನು ದೊಡ್ಡದು ಮಾಡಬೇಕು, ಬೇರೆ ದಾರಿ ಇಲ್ಲ. ಜೀಪಿಗೂ ಇದೇ ಲೆಕ್ಕ. 28 ಇಂಚು ಎತ್ತರದ ಟೈರು ತೆಗೆದು 30 ಇಂಚಿನದು ಹಾಕಿದರೆ ಟೈರು ಎರಡಿಂಚು ಬೆಳೆಯಿತು, ಅಚ್ಚು ಎದ್ದದ್ದು ಒಂದೇ ಇಂಚು. ಬೆಳೆದದ್ದರಲ್ಲಿ ಅರ್ಧ ಅಚ್ಚಿನ ಮೇಲಕ್ಕೆ ಹೋಗುತ್ತದಲ್ಲ!

ಹಾಗಾದರೆ ಲಿಫ್ಟ್ ಕಿಟ್ ಎಂಬುದೇ ಮೋಸವೇ? ಅಲ್ಲ. ದೊಡ್ಡ ಟೈರು ಹಾಕಿದಾಗ ಅದು ಗುಂಡಿಯಲ್ಲಿ ಮೇಲಕ್ಕೆದ್ದು ಮಡ್‌ಗಾರ್ಡಿಗೆ ಉಜ್ಜದಂತೆ ಜಾಗ ಬೇಕು. ಆ ಜಾಗವನ್ನು ಲಿಫ್ಟ್ ಕೊಡುತ್ತದೆ. ಜೊತೆಗೆ ಇನ್ನೊಂದು ಉಪಯೋಗವಿದೆ; ಅದಕ್ಕೆ ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಬೇಕು. ಆಟಿಕೆಯ ಕಾರೊಂದನ್ನು ಮೇಜಿನ ಮೇಲಿಟ್ಟು, ಮುಂದಿನ ಚಕ್ರಕ್ಕೆ ತಾಗುವಂತೆ ಸ್ಕೇಲನ್ನು ಓರೆಯಾಗಿ ಹಿಡಿಯಿರಿ. ಸ್ಕೇಲಿನ ಇನ್ನೊಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋದರೆ ಒಂದು ಹಂತದಲ್ಲಿ ಅದು ಕಾರಿನ ಮೂತಿಗೆ ಬಡಿಯುತ್ತದೆ. ಆ ಕೋನಕ್ಕಿಂತ ಕಡಿದಾದ ದಿಬ್ಬವನ್ನು ಆ ಕಾರು ಹತ್ತಲಾರದು. ಚಕ್ರ ದಿಬ್ಬ ಮುಟ್ಟುವ ಮೊದಲೇ ಮೂತಿ ಮುಟ್ಟುತ್ತದೆ. ಹಿಂದಕ್ಕೂ ಇಂಥದೇ ಒಂದು ಕೋನ, ಹೊಟ್ಟೆಗೂ ಒಂದು. 2020ರಲ್ಲಿ ಬಂದ ಮಹೀಂದ್ರ ಥಾರ್ ಗಾಡಿಗೆ ಮುಂದಿನ ಕೋನ 41.8 ಡಿಗ್ರಿ, ಅಡಿಯ ಅತಿ ತಗ್ಗಿನ ಭಾಗ ನೆಲದಿಂದ 226 ಮಿಲಿಮೀಟರ್ ಮೇಲೆ ಎಂದು ಕಂಪನಿಯೇ ಹೇಳುತ್ತದೆ. ಲಿಫ್ಟ್ ಮಾಡಿದಾಗ ಮೂತಿ, ಬಾಲ, ಹೊಟ್ಟೆ ಮೂರೂ ಮೇಲೇಳುವುದರಿಂದ ಕೋನಗಳು ದೊಡ್ಡದಾಗುತ್ತವೆ. ಗೋವಾದಲ್ಲಿ 2014ರಿಂದ ನಡೆಯುತ್ತಿರುವ ರೈನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗಳಲ್ಲಿ, ಆಳೆತ್ತರದ ಕೆಸರಿನ ಗೋಡೆ ಹತ್ತುವವರಿಗೆ ಇದು ಬೇಕೇ ಬೇಕು. ಅವರ ಗಾಡಿಯೊಳಗೆ ಕಬ್ಬಿಣದ ಪಂಜರವಿರುತ್ತದೆ, ಅವರು ತಲೆಗೆ ಹೆಲ್ಮೆಟ್ ಹಾಕಿರುತ್ತಾರೆ, ಶಾಲೆಯ ಚೀಲ ಹೊತ್ತ ಮಕ್ಕಳು ಹಿಂದೆ ಕೂತಿರುವುದಿಲ್ಲ.

ಒಂದು ತಿದ್ದುಪಡಿ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಜಾಣ ಓದುಗರೊಬ್ಬರು ಮುಂದಿನ ವಾರ ಹಿಡಿಯುತ್ತಾರೆ. ಹೊಸ ಥಾರ್‌ನಂಥ ಗಾಡಿಗಳಲ್ಲಿ ಮುಂದಿನ ಎರಡು ಚಕ್ರಗಳಿಗೆ ಒಂದೇ ಅಚ್ಚಿಲ್ಲ. ಎರಡೂ ಬಿಡಿಬಿಡಿಯಾಗಿ ಮೇಲೆಕೆಳಗೆ ಆಡುತ್ತವೆ, ಮುಂದಿನ ಗಡಿಗೆ ಚಾಸಿಗೆ ಸೇರಿಕೊಂಡಿರುತ್ತದೆ. ಅಂಥ ಕಡೆ ಲಿಫ್ಟ್ ಮಾಡಿದರೆ ಮುಂದಿನ ಗಡಿಗೆಯೂ ಮೇಲೇಳುತ್ತದೆ ನಿಜ. ಆದರೆ ಹಿಂದಿನ ಗಡಿಗೆ ಅಖಂಡ ಅಚ್ಚಿನಲ್ಲೇ ಕೂತಿದೆ, ಅದು ಏಳುವುದಿಲ್ಲ.

ಕೆಲಸ ನಡೆಯುವುದು ಹೇಗೆ ಎಂದು ನೋಡೋಣ. ನಮ್ಮ ಹುಡುಗನ ಮಾವನದು ಪ್ಲೇಟಿನ ಗಾಡಿಯಾದ್ದರಿಂದ ಅದರಿಂದಲೇ ಶುರುಮಾಡುತ್ತೇನೆ.

ಒಳ್ಳೆಯ ಮೆಕ್ಯಾನಿಕ್ ಮೊದಲು ಅಳೆಯುತ್ತಾನೆ. ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಬರೆದುಕೊಳ್ಳುತ್ತಾನೆ. ಆಮೇಲೆ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕಿನಿಂದ ಎತ್ತಿ, ಚಾಸಿಯ ಅಡಿಗೆ ಗಟ್ಟಿ ಸ್ಟ್ಯಾಂಡುಗಳನ್ನು ಕೊಡುತ್ತಾನೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕುವವನನ್ನು ಕಂಡರೆ ಅವನ ಕೈಗೆ ಗಾಡಿ ಕೊಡಬೇಡಿ ಎಂದು ಅಪ್ಪನಿಗೆ ಹೇಳಿ. ಜಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಸುರುಳಿ ಸ್ಪ್ರಿಂಗಿನ ಗಾಡಿಯಾದರೆ ಇನ್ನೊಂದು ಅಪಾಯವಿದೆ. ಅದುಮಿಟ್ಟ ಸುರುಳಿ ಜಾರಿ ಚಿಮ್ಮಿದರೆ ಮನುಷ್ಯನನ್ನು ಕೊಲ್ಲಬಲ್ಲದು. ಅದಕ್ಕೇ ಇದು ರಜೆಯಲ್ಲಿ ಮನೆಯಂಗಳದಲ್ಲಿ ಮಾಡಿ ನೋಡುವ ಕೆಲಸವಲ್ಲ.

ಪ್ಲೇಟಿನ ಕಟ್ಟನ್ನು ಅಚ್ಚಿಗೆ ಬಿಗಿದಿರುವುದು ಇಂಗ್ಲಿಷಿನ ‘ಯು’ ಅಕ್ಷರದ ಆಕಾರದ ಬೋಲ್ಟುಗಳು. ಒಮ್ಮೆ ಬಿಗಿದ ಯು-ಬೋಲ್ಟು ಹಿಗ್ಗಿರುತ್ತದೆ. ಬಿಚ್ಚಿದ ಮೇಲೆ ಅದನ್ನೇ ಮತ್ತೆ ಹಾಕಬಾರದು, ಹೊಸದು ತರಬೇಕು. ನೂರು ರೂಪಾಯಿ ಉಳಿಸಲು ಹೋಗಿ ಅಚ್ಚು ಜಾರಿದರೆ ಏನು ಗತಿ? ಇನ್ನು ಎತ್ತರ ಕೊಡುವ ಬಗೆಗಳು ಹಲವು. ಹೆಚ್ಚು ಬಾಗಿದ ಹೊಸ ಪ್ಲೇಟಿನ ಸೆಟ್ ಹಾಕುವುದು ಒಂದು. ಇದ್ದ ಕಟ್ಟಿಗೇ ಇನ್ನೊಂದು ಪಟ್ಟಿ ಸೇರಿಸುವುದು ಮತ್ತೊಂದು. ಅಗ್ಗ, ಆದರೆ ಗಾಡಿ ಮರದ ಹಲಗೆಯ ಹಾಗೆ ಬಿರುಸಾಗುತ್ತದೆ, ಅಜ್ಜಿಯ ಸೊಂಟ ಶಾಪ ಹಾಕುತ್ತದೆ. ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ ಎಂಬ ತುಂಡನ್ನು ಉದ್ದ ಮಾಡುವವರೂ ಇದ್ದಾರೆ. ಇನ್ನೊಂದು ದೊಡ್ಡ ಸಾಹಸವಿದೆ. ಹಳೆಯ ಜೀಪು, ಜಿಪ್ಸಿಗಳಲ್ಲಿ ಪ್ಲೇಟುಗಳು ಅಚ್ಚಿನ ಕೆಳಗೆ ಇರುತ್ತವೆ. ಅವನ್ನು ಬಿಚ್ಚಿ ಅಚ್ಚಿನ ಮೇಲೆ ಕೂರಿಸಿದರೆ ಹೊಸ ಸ್ಪ್ರಿಂಗಿಲ್ಲದೆಯೇ ಒಮ್ಮೆಗೇ ನಾಲ್ಕೈದು ಇಂಚು ಸಿಗುತ್ತದೆ. ಸ್ಪರ್ಧೆಯವರಿಗೆ ಇದು ಬಲು ಪ್ರೀತಿ. ಆದರೆ ಆಗ ಎಂಜಿನ್ನಿನ ಸೆಳೆತಕ್ಕೆ ಪ್ಲೇಟು ಹಾವಿನ ಹಾಗೆ ವಂಕಿಯಾಗಿ ತಿರುಚಿಕೊಳ್ಳುತ್ತದೆ, ಅದನ್ನು ತಡೆಯಲು ಮತ್ತೊಂದು ಸರಳು, ಸ್ಟಿಯರಿಂಗಿನ ಸರಳುಗಳ ಬದಲಾವಣೆ, ಹೀಗೆ ಬಾಲ ಬೆಳೆಯುತ್ತಾ ಹೋಗುತ್ತದೆ. ಗ್ಯಾರೇಜಿನವರು ಹೇಳಿದ ನಾಲ್ಕಿಂಚು ಬಹುಶಃ ಈ ದಾರಿಯದೇ ಇರಬೇಕು. ಮಾವ ಕೇಳಿ ನೋಡಲಿ.

ಸುರುಳಿ ಸ್ಪ್ರಿಂಗಿನ ಗಾಡಿಗಳಿಗೆ ಉದ್ದನೆಯ ಸುರುಳಿ ಹಾಕುತ್ತಾರೆ, ಅಥವಾ ಇದ್ದ ಸುರುಳಿಯ ತಲೆಯ ಮೇಲೆ ಬಿಲ್ಲೆಯಂಥ ಸ್ಪೇಸರ್ ಕೂರಿಸುತ್ತಾರೆ. ಸ್ಪ್ರಿಂಗನ್ನು ಮುಟ್ಟದೆ ಚಾಸಿಗೂ ಬಾಡಿಗೂ ನಡುವೆ ದಿಮ್ಮಿ ಕೊಡುವುದೂ ಉಂಟು. ಅದರಲ್ಲಿ ಚಾಸಿ ಕೂಡ ಏಳುವುದಿಲ್ಲ, ಬರೀ ಬಾಡಿ ಏಳುತ್ತದೆ.

ಸ್ಪ್ರಿಂಗು ಬದಲಾಯಿಸುವುದು ಅರ್ಧ ಕೆಲಸ. ಉಳಿದ ಅರ್ಧವೇ ಮುಖ್ಯ, ಅಗ್ಗದ ಕಿಟ್‌ನವರು ಮರೆಯುವುದೂ ಅದನ್ನೇ. ಚಾಸಿಯಿಂದ ಅಚ್ಚಿಗೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರಿನ ಪೈಪೊಂದು ಇಳಿದು ಬಂದಿರುತ್ತದೆ. ಕಂಪನಿ ಅದನ್ನು ಮೂಲ ಎತ್ತರಕ್ಕೆ ಬೇಕಾದಷ್ಟೇ ಉದ್ದ ಕೊಟ್ಟಿದೆ. ಚಾಸಿ ನಾಲ್ಕಿಂಚು ಮೇಲೆ ಹೋದ ಮೇಲೆ ಒಂದು ಚಕ್ರ ಗುಂಡಿಗೆ ಇಳಿದು ತೂಗಾಡಿತು ಎನ್ನಿ, ಆ ಪೈಪು ಬಿಗಿಯಾಗಿ ಎಳೆದುಕೊಳ್ಳುತ್ತದೆ. ಇವತ್ತು ಕಿತ್ತುಹೋಗದಿರಬಹುದು, ಒಂದು ತಿಂಗಳಾದ ಮೇಲೆ ಘಾಟಿಯ ಇಳಿಜಾರಿನಲ್ಲಿ ಕಿತ್ತುಹೋಗಬಹುದು. ಲಿಫ್ಟ್ ಮಾಡಿದ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಹೊಳೆಯುವ ಬಣ್ಣದ ಶಾಕ್ ಅಬ್ಸಾರ್ಬರನ್ನಲ್ಲ, ಈ ಕಪ್ಪು ಪೈಪನ್ನು.

ಶಾಕ್ ಅಬ್ಸಾರ್ಬರಿನದೂ ಅದೇ ಕಥೆ. ಹಳೆಯ ಗಿಡ್ಡದನ್ನೇ ಬಿಟ್ಟರೆ ಅದು ಸದಾ ಕೈ ಚಾಚಿಕೊಂಡು ನಿಂತ ಹಾಗೆ ಪೂರ್ತಿ ಎಳೆದುಕೊಂಡಿರುತ್ತದೆ, ಪ್ರತಿ ಗುಂಡಿಗೂ ಅದರ ಕೊಂಡಿ ಜಗ್ಗುತ್ತದೆ. ಎಂಜಿನ್ ಕಡೆಯಿಂದ ಗಡಿಗೆಗೆ ಬರುವ ಪ್ರೊಪೆಲ್ಲರ್ ಶಾಫ್ಟು ಮೊದಲಿಗಿಂತ ಹೆಚ್ಚು ಓರೆಯಾಗುತ್ತದೆ. ಅದರ ಎರಡು ತುದಿಯ ಕೀಲುಗಳು ಅಷ್ಟು ಓರೆಯಲ್ಲಿ ಸರಾಗ ತಿರುಗಲಾರದೆ ಗಾಡಿಯನ್ನು ನಡುಗಿಸುತ್ತವೆ, ಬೇಗ ಸವೆಯುತ್ತವೆ. ಜೀಪು ಗಿಡ್ಡವಾದಷ್ಟೂ ಶಾಫ್ಟು ಗಿಡ್ಡ, ಓರೆ ಹೆಚ್ಚು.

ಇನ್ನು ಸ್ಟಿಯರಿಂಗು. ನಿಮ್ಮ ಸೈಕಲ್ಲಿನ ಮುಂದಿನ ಫೋರ್ಕನ್ನು ಪಕ್ಕದಿಂದ ನೋಡಿ. ಅದು ನೆಟ್ಟಗಿಲ್ಲ, ಮೇಲಿನ ತುದಿ ಸವಾರನ ಕಡೆ ವಾಲಿದೆ. ಕೈಬಿಟ್ಟು ಸೈಕಲ್ ಓಡಿಸುವ ದೊಡ್ಡ ಹುಡುಗರ ಧೈರ್ಯಕ್ಕೆ ಆ ವಾಲುವಿಕೆಯ ನೆರವೂ ಇದೆ. ಕಾರು ಜೀಪುಗಳಲ್ಲೂ ಮುಂದಿನ ಚಕ್ರ ತಿರುಗುವ ಕೀಲನ್ನು ಹೀಗೇ ಹಿಂದಕ್ಕೆ ವಾಲಿಸಿರುತ್ತಾರೆ. ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನೇ ಮಧ್ಯಕ್ಕೆ ಬರುವುದು ಅದರಿಂದ. ಮುಂದೆ ಎತ್ತರ ಕೊಟ್ಟಾಗ ಈ ವಾಲುವಿಕೆ ಕಡಿಮೆಯಾಗಿ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯತೊಡಗುತ್ತದೆ. ಬಲ್ಲವರು ಅಚ್ಚಿಗೂ ಪ್ಲೇಟಿಗೂ ನಡುವೆ ಬೆಣೆಯಂಥ ತುಂಡು ಕೊಟ್ಟು, ಅಥವಾ ಸರಿಯಾದ ಅಳತೆಯ ತೋಳುಗಳನ್ನು ಹಾಕಿ ಅದನ್ನು ಸರಿಪಡಿಸುತ್ತಾರೆ. ಆಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಕೊನೆಗೆ ಒಂದು ಚಿಕ್ಕ ಗುಟ್ಟು. ಇದರಿಂದ ಮೆಕ್ಯಾನಿಕ್ಕಿನ ಯೋಗ್ಯತೆ ಅಳೆಯಬಹುದು. ಸ್ಪ್ರಿಂಗಿನ ತುದಿಗಳಲ್ಲಿ ರಬ್ಬರಿನ ಬುಷ್‌ಗಳಿರುತ್ತವೆ. ಗಾಡಿ ಸ್ಟ್ಯಾಂಡಿನ ಮೇಲೆ ತೂಗಾಡುತ್ತಿರುವಾಗಲೇ ಅವುಗಳ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದಾಗ ರಬ್ಬರು ತಿರುಚಿಕೊಳ್ಳುತ್ತದೆ, ಹಾಗೇ ತಿರುಚಿಕೊಂಡೇ ಉಳಿದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ತಿಳಿದವನು ಬೋಲ್ಟನ್ನು ಸಡಿಲವಾಗಿ ಕೂರಿಸಿ, ಗಾಡಿಯನ್ನು ನೆಲಕ್ಕಿಳಿಸಿ, ಅದು ತನ್ನ ಭಾರದಲ್ಲಿ ಕೂತ ಮೇಲೆ ಕೊನೆಯ ಸುತ್ತು ಬಿಗಿಯುತ್ತಾನೆ.

ಈಗ ಅಜ್ಜಿಯ ಮಾತಿಗೆ ಬರೋಣ. ಹತ್ತಲು ಕಷ್ಟ ಎಂಬುದನ್ನು ಒಂದು ಮೆಟ್ಟಿಲು ಕಟ್ಟಿ ಪರಿಹರಿಸಬಹುದು. ಅದಕ್ಕಿಂತ ದೊಡ್ಡ ಮಾತೊಂದು ಇದೆ. ಅದನ್ನು ನೀವು ಮನೆಯಲ್ಲೇ ಪರೀಕ್ಷಿಸಬಹುದು.

ಖಾಲಿ ಬೆಂಕಿಪೆಟ್ಟಿಗೆ ನಾಲ್ಕು, ಪರೀಕ್ಷೆಗೆ ಒಯ್ಯುವ ರಟ್ಟು ಒಂದು, ಅಂಟು, ಕೋನಮಾಪಕ, ಕೆಲವು ನಾಣ್ಯ. ರಟ್ಟಿನ ಮೇಲೆ ಮದ್ದು ಕೆರೆದು ತೆಗೆದ ಒಂದು ಬೆಂಕಿಕಡ್ಡಿಯನ್ನು ಅಡ್ಡಲಾಗಿ ಅಂಟಿಸಿ, ಪೆಟ್ಟಿಗೆ ಜಾರದಿರಲು. ಪೆಟ್ಟಿಗೆಯೊಂದನ್ನು ಮಲಗಿಸಿ, ಅದರ ಉದ್ದದ ಅಂಚು ಕಡ್ಡಿಗೆ ತಾಗುವಂತೆ ಇಟ್ಟು, ಕಡ್ಡಿಯಿರುವ ಬದಿ ಕೆಳಗಾಗುವಂತೆ ರಟ್ಟನ್ನು ಇನ್ನೊಂದು ಕಡೆಯಿಂದ ಮೆಲ್ಲಗೆ ಎತ್ತಿ. ಪೆಟ್ಟಿಗೆ ಬಹಳ ಹೊತ್ತು ಬೀಳುವುದೇ ಇಲ್ಲ. ಅದರ ಮೇಲೆ ಇನ್ನೊಂದು ಅಂಟಿಸಿ. ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಮಗುಚುತ್ತದೆ. ಮೂರಾದರೆ ನಲವತ್ತಕ್ಕಿಂತ ಮೊದಲೇ, ನಾಲ್ಕಾದರೆ ಮೂವತ್ತರ ಸುತ್ತಮುತ್ತ. ಪೆಟ್ಟಿಗೆಯ ಅಳತೆ ನೋಡಿಕೊಂಡು ಹೆಚ್ಚುಕಡಿಮೆ ಆದೀತು. ಈಗ ನಾಲ್ಕರ ಗೋಪುರದಲ್ಲಿ ಎಲ್ಲಕ್ಕಿಂತ ಕೆಳಗಿನ ಪೆಟ್ಟಿಗೆಗೆ ನಾಣ್ಯ ತುಂಬಿಸಿ ನೋಡಿ. ಆಮೇಲೆ ಅದೇ ನಾಣ್ಯಗಳನ್ನು ಮೇಲಿನ ಪೆಟ್ಟಿಗೆಗೆ ಹಾಕಿ ನೋಡಿ. ವ್ಯತ್ಯಾಸ ನಾನು ಹೇಳುವುದಿಲ್ಲ.

ನಮ್ಮ ಊರಿನ ತೇರು ಅಷ್ಟೆತ್ತರವಿದ್ದೂ ನಿಲ್ಲುವುದು ಇದರಿಂದಲೇ. ಕೆಳಗಿನ ಮರದ ಗಡ್ಡೆ, ಚಕ್ರಗಳು ಭಾರವೋ ಭಾರ. ಮೇಲಿನದೆಲ್ಲ ಬಿದಿರು, ಬಟ್ಟೆ, ಪತಾಕೆ. ಲಿಫ್ಟ್ ಮಾಡಿದ ಜೀಪು ಇದಕ್ಕೆ ತಲೆಕೆಳಗು. ಭಾರದ ಎಂಜಿನ್, ಚಾಸಿ, ಜನ ಎಲ್ಲ ಮೇಲೆ. ಅಗಲ ಮಾತ್ರ ಮೊದಲಿನಷ್ಟೇ. ಅದರ ಮೇಲೆ ಕ್ಯಾರಿಯರ್ ಕಟ್ಟಿ ಎರಡು ಮೂಟೆ ಕಾಫಿ ಹೇರಿದರೆ ಮೇಲಿನ ಪೆಟ್ಟಿಗೆಗೆ ನಾಣ್ಯ ತುಂಬಿದ ಹಾಗೆ.

ಎಂಟನೇ ತರಗತಿ ದಾಟಿದವರು ಲೆಕ್ಕ ಮಾಡಿ. ಎಡಬಲದ ಚಕ್ರಗಳ ನಡುವಿನ ಅಗಲ 140 ಸೆಂಟಿಮೀಟರ್, ಗಾಡಿಯ ಭಾರಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ. ಅಗಲದ ಅರ್ಧವೂ 70, ಎತ್ತರವೂ 70. ಪಕ್ಕಕ್ಕೆ 45 ಡಿಗ್ರಿ ಓರೆಯಾದರೆ ಮಗುಚುತ್ತದೆ. ಭಾರಕೇಂದ್ರ 10 ಸೆಂಟಿಮೀಟರ್ ಮೇಲೆ ಹೋಯಿತು, 80 ಆಯಿತು ಎನ್ನಿ. ಆಗ 41 ಡಿಗ್ರಿಗೇ ಮಗುಚುತ್ತದೆ. ನಾಲ್ಕು ಡಿಗ್ರಿ ತಾನೇ ಎಂದು ಮಾವ ನಗಬಹುದು. ಆದರೆ ಇದು ಸ್ಪ್ರಿಂಗಿಲ್ಲದ, ನಿಂತ ಗಾಡಿಯ ಲೆಕ್ಕ. ನಿಜವಾದ ಜೀಪಿನ ಸ್ಪ್ರಿಂಗು ಓರೆಯಲ್ಲಿ ಒಂದು ಬದಿಗೆ ಕುಸಿಯುತ್ತದೆ, ಉದ್ದನೆಯ ಮೆತ್ತನೆಯ ಸ್ಪ್ರಿಂಗು ಇನ್ನೂ ಹೆಚ್ಚು ಕುಸಿಯುತ್ತದೆ. ಒಂದು ಬದಿಯ ಚಕ್ರಗಳು 20 ಸೆಂಟಿಮೀಟರ್ ಎತ್ತರದ ದಿಣ್ಣೆ ಹತ್ತಿದರೆ ಅದೊಂದೇ 8 ಡಿಗ್ರಿ ತಿಂದುಹಾಕುತ್ತದೆ. ಎದುರು ಬಂದ ದನಕ್ಕೋ ಬೈಕಿಗೋ ಸ್ಟಿಯರಿಂಗನ್ನು ಸರಕ್ಕನೆ ತಿರುಗಿಸಿದರೆ ಉಳಿದದ್ದು ಎಷ್ಟು? ದೊಡ್ಡ ಟೈರು ಹಾಕಿದ್ದರೆ ಸ್ಪೀಡೋಮೀಟರ್ ಕೂಡ ಕಡಿಮೆ ತೋರಿಸುತ್ತದೆ. 28 ಇಂಚಿನ ಬದಲು 30 ಇಂಚಿನದು ಹಾಕಿದ ಗಾಡಿಯಲ್ಲಿ ಮುಳ್ಳು 60 ಎಂದಾಗ ಓಟ ಸುಮಾರು 64. ಅಜ್ಜಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ. ಕೊಡಪಾನ ಸೊಂಟದ ಮೇಲಿದ್ದಾಗಲೂ ತಲೆಯ ಮೇಲಿದ್ದಾಗಲೂ ನಡೆದವರು ಅವರು.

ಕಾನೂನಿನ ಮಾತು ಚಿಕ್ಕದು, ಇದು ಅಪ್ಪ, ಮಾವಂದಿರಿಗೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಗಳಿಗಿಂತ ಆರ್‌.ಸಿ.ಯಲ್ಲಿರುವ ವಿವರಗಳು ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಿಟ್ ಮಾರುವ ಅಂಗಡಿಯವರು ಇದನ್ನು ಹೇಳುವುದಿಲ್ಲ. ಅಪಘಾತವಾದ ದಿನ ವಿಮೆಯವರು ಹೇಳುತ್ತಾರೆ.

ಕೊಡಚಾದ್ರಿಗೋ ಮಡಿಕೇರಿಯ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋದವರು ನಿಮ್ಮಲ್ಲಿ ಅನೇಕರಿದ್ದೀರಿ. ಕೊಡಚಾದ್ರಿಗೆ ನಾನು ಕೂತು ಹೋದ ಜೀಪು ಕಂಪನಿಯ ಎತ್ತರದಲ್ಲೇ ಇತ್ತು, ಅದರ ಪ್ಲೇಟುಗಳಿಗೆ ನನ್ನಷ್ಟೇ ವಯಸ್ಸಾಗಿತ್ತು. ಚಾಲಕ ಮಾಡಿದ್ದು ಎರಡೇ ಕೆಲಸ. ಏರು ಬರುವ ಮೊದಲೇ ಫೋರ್ ವೀಲಿನ ಲೋ ಗೇರಿಗೆ ಹಾಕಿಕೊಂಡ. ಅದರಲ್ಲಿ ಜೀಪು ನಡೆಯುವ ಮನುಷ್ಯನಷ್ಟೇ ನಿಧಾನ, ಆದರೆ ಚಕ್ರಕ್ಕೆ ಬರುವ ಬಲ ಬಹಳ. ಇನ್ನೊಂದು, ಕಲ್ಲು ಕಂಡಾಗ ಅದನ್ನು ಎರಡು ಚಕ್ರಗಳ ನಡುವೆ ಬಿಟ್ಟುಕೊಳ್ಳದೆ, ಒಂದು ಚಕ್ರವನ್ನೇ ಅದರ ಮೇಲೆ ಹತ್ತಿಸಿದ. ನಾವೆಲ್ಲ ಕಾರಿನಲ್ಲಿ ಮಾಡುವುದಕ್ಕೆ ಇದು ತದ್ವಿರುದ್ಧ. ಚಕ್ರ ಕಲ್ಲು ಹತ್ತಿದರೆ ಅಚ್ಚೂ ಅದರ ಜೊತೆ ಏಳುತ್ತದೆ, ಗಡಿಗೆ ಕಲ್ಲಿನಿಂದ ದೂರ ಸರಿಯುತ್ತದೆ. ಕಲ್ಲನ್ನು ನಡುವೆ ಬಿಟ್ಟುಕೊಂಡರೆ ಅದು ನೇರ ಗಡಿಗೆಗೇ ಬರುತ್ತದೆ.

ಹಾಗಾಗಿ ಮೂಡಿಗೆರೆಯ ಹುಡುಗಾ, ನಿನ್ನ ಮಾವನಿಗೆ ಕೆಲವು ಮಾತು ಹೇಳು. ಹಳೆಯ ಗಾಡಿಯ ಪ್ಲೇಟುಗಳು ವರ್ಷಗಳ ಭಾರಕ್ಕೆ ಸಪಾಟಾಗಿ ಹೋಗಿರುತ್ತವೆ. ನಾಲ್ಕಿಂಚು ಎತ್ತಿಸುವ ಮೊದಲು ಕಂಪನಿಯ ಅಳತೆಯದೇ ಹೊಸ ಪ್ಲೇಟಿನ ಸೆಟ್ ಮತ್ತು ಶಾಕ್ ಅಬ್ಸಾರ್ಬರ್ ಹಾಕಿಸಿ ನೋಡಲಿ. ಕಳೆದುಹೋದ ಎತ್ತರ ಕಾನೂನಿನ ಒಳಗೇ ವಾಪಸು ಬರುತ್ತದೆ. ಗಡಿಗೆಯ ಅಡಿಗೆ ಗಟ್ಟಿ ಉಕ್ಕಿನ ತಗಡಿನ ರಕ್ಷಣೆ ಕಟ್ಟಿಸಬಹುದೇ ಎಂದು ಕೇಳಲಿ. ಏರಿನಲ್ಲಿ ಎಡಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ ನೋಡಲಿ, ಆಗ ನೀನೂ ತಂಗಿಯೂ ಕೆಳಗಿಳಿದು ದೂರ ನಿಂತಿರಿ.

ಅಂದ ಹಾಗೆ, ನಿನ್ನ ಪತ್ರ ಓದಿದಾಗಿನಿಂದ ನನ್ನದೂ ಒಂದು ಪ್ರಶ್ನೆ ಇದೆ. ದಾರಿ ನಿಮ್ಮ ತೋಟದ್ದೇ. ಕಲ್ಲು ನಿಮ್ಮದೇ. ಹಾರೆ, ಗುದ್ದಲಿ ಮನೆಯಲ್ಲೇ ಇರುತ್ತವೆ. ಮಳೆ ಬಿದ್ದು ಮಣ್ಣು ಮೆತ್ತಗಾದ ಮೇಲೆ ಇಬ್ಬರು ಸೇರಿ ಮೀಟಿದರೆ ಅದು ಎಷ್ಟು ಹೊತ್ತು ಕೂತಿದ್ದೀತು? ಅದು ಬಂಡೆಯ ತುದಿಯೋ ಬಿಡಿಗಲ್ಲೋ ಎಂದು ಅಜ್ಜಿಯನ್ನು ಕೇಳಿ ತಿಳಿಸು.